ಪಚ್ಚಿಲೆ ಪಾದೆಗೆ ಬಂದ ದೀಪ

ನಮ್ಮ ಮನೆ ಕಡಲಿಗೆ ಬೆನ್ನು ಹಾಕಿ ಕೂತಿತ್ತು. ಹೊಸದಾಗಿ ಬಂದವರೆಲ್ಲ ಮೊದಲು ಕೇಳುತ್ತಿದ್ದದ್ದು ಅದನ್ನೇ, ಕೂಗಿದರೆ ಕೇಳುವಷ್ಟು ಹತ್ತಿರ ಕಡಲಿದ್ದೂ ಜಗಲಿಯನ್ನು ಯಾಕೆ ರಸ್ತೆಯ ಕಡೆಗೆ ಕಟ್ಟಿದಿರಿ ಎಂದು. ಕಡಲು ನೋಡುತ್ತ ಕೂರುವುದು ಕಡಲಿಗೆ ಇಳಿಯದವರ ಕೆಲಸ ಎಂದು ಹೇಳಿ ಅಜ್ಜಿ ಅವರ ಬಾಯಿ ಮುಚ್ಚಿಸುತ್ತಿದ್ದರು. ಕುಂಬಳೆಗೂ ಉಪ್ಪಳಕ್ಕೂ ನಡುವೆ, ಹೊಳೆ ಕಡಲು ಸೇರುವ ಅಳಿವೆಯ ಪಕ್ಕದಲ್ಲಿ ಮಣ್ಣಿನ ಗೋಡೆ, ಹಂಚಿನ ಮಾಡು. ಜಗಲಿ, ಚಾವಡಿ, ಬಲೆ ಮತ್ತು ಹುಟ್ಟುಗಳನ್ನಿಡುವ ಒಂದು ಕತ್ತಲೆ ಕೋಣೆ, ಹಿಂದೆ ಅಡುಗೆಕೋಣೆ, ಇಷ್ಟೇ ಮನೆ. ಪಡುವಣ ಗೋಡೆಗೆ ಇದ್ದದ್ದು ಅಡುಗೆಕೋಣೆಯ ಒಂದೇ ಕಿಟಕಿ, ಅದಕ್ಕೂ ಹಲಗೆ ಬಡಿದಿತ್ತು. ಒಲೆಯ ಹೊಗೆಗೆ ಹೋಗಲು ದಾರಿಯಿಲ್ಲದೆ ಅದು ನಮ್ಮ ಜೊತೆಗೇ ಸಂಸಾರ ಮಾಡುತ್ತಿತ್ತು. ನನ್ನ ಜಡೆಗೆ, ಅಮ್ಮನ ಸೀರೆಗೆ, ಕಡೆಗೆ ನನ್ನ ಕನ್ನಡ ಪಾಠಪುಸ್ತಕಕ್ಕೂ ಹೊಗೆ ಮತ್ತು ಒಣಮೀನಿನ ವಾಸನೆ. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಪುತ್ತಿಗೆ ಕಡೆಯ ಹುಡುಗಿ ಮೂಗಿಗೆ ಕರ್ಚೀಫು ಹಿಡಿದಳೆಂದು ನಾನು ಅವಳ ಜಡೆ ಎಳೆದು, ಬೆಂಚಿನ ಮೇಲೆ ನಿಂತದ್ದೂ ಉಂಟು. ನನ್ನ ಮೂಗಿನ ತುದಿಯ ಕೋಪ ಅಜ್ಜಿಯಿಂದ ಬಂದದ್ದೆಂದು ಅಮ್ಮ ಹೇಳುತ್ತಿದ್ದರು.

ಆ ಮನೆಯಲ್ಲಿ ಅಜ್ಜಿ, ಅಮ್ಮ, ಅಮ್ಮನ ಅಣ್ಣ ದಾಮೋದರ ಮಾವ ಮತ್ತು ನಾನು. ಅಪ್ಪ ಮಲ್ಪೆಯ ಕಡೆ ಬೋಟಿನಲ್ಲಿದ್ದರು, ನನ್ನ ಮಟ್ಟಿಗೆ ಅವರು ಹಬ್ಬಕ್ಕೆ ಬರುವ ನೆಂಟರು. ನಮ್ಮಲ್ಲಿ ಮನೆ ನಡೆಯುವುದು ತಾಯಿಯ ಕಡೆಯಿಂದ, ಯಜಮಾನಿಕೆ ಮಾವನದು. ಊಟಕ್ಕೆ ಮೊದಲ ತಟ್ಟೆ ಮಾವನಿಗೆ, ಮೀನಿನ ತಲೆ ಮಾವನಿಗೆ, ಊರಿನ ಪಂಚಾಯ್ತಿಕೆಯಲ್ಲಿ ಮಾತಾಡುವ ಬಾಯಿಯೂ ಮಾವನದೇ. ಆದರೆ ಒಲೆಯ ಮುಂದೆ ಅಜ್ಜಿ ಕೂತರೆ ಯಜಮಾನರೂ ದನಿ ತಗ್ಗಿಸಬೇಕಿತ್ತು. ಮಳೆಗಾಲ ಮುಗಿದು ಕಡಲು ತಣ್ಣಗಾದ ಮೇಲೆ ಅಜ್ಜಿ ಪಚ್ಚಿಲೆ ಬೇಯಿಸುತ್ತಿದ್ದರು. ಕಡಲ ಬಂಡೆಗೆ ಗೊಂಚಲು ಗೊಂಚಲಾಗಿ ಅಂಟಿ ಬೆಳೆಯುವ ಆ ಹಸಿರುಕಪ್ಪು ಚಿಪ್ಪಿಯನ್ನು ತೊಳೆಯುವುದೇ ಒಂದು ಅರ್ಧ ದಿನದ ಕೆಲಸ. ನಾನು ಮತ್ತು ಅಮ್ಮ ಬಾವಿಕಟ್ಟೆಯಲ್ಲಿ ಕೂತು ಗಡ್ಡದಂಥ ನಾರನ್ನು ಕಿತ್ತು ತೆಗೆದು, ತೆಂಗಿನ ನಾರಿನಿಂದ ಉಜ್ಜಿ ಉಜ್ಜಿ ಬೆರಳು ಕೊಯ್ದುಕೊಳ್ಳುತ್ತಿದ್ದೆವು. ಆಮೇಲೆ ಬೆಂದ ಚಿಪ್ಪಿ ತಾನಾಗಿ ಬಾಯಿ ಬಿಟ್ಟು, ಕಾಯಿಮಸಾಲೆ ಬಿದ್ದು, ಪಕ್ಕದಲ್ಲಿ ಅಕ್ಕಿಪುಂಡಿ ಹಬೆಯಾಡುವಾಗ ಬೆರಳ ಉರಿ ಯಾರಿಗೆ ನೆನಪಿರುತ್ತದೆ? ಇದನ್ನು ಬರೆಯುವಾಗಲೂ ಬಾಯಲ್ಲಿ ನೀರು ಬರುತ್ತದೆ, ಅದರ ಬೆನ್ನಿಗೇ ಬೇಸರವೂ ಬರುತ್ತದೆ.

ಪಚ್ಚಿಲೆ ಬರುತ್ತಿದ್ದದ್ದು ಅಳಿವೆಯ ಬಾಯಲ್ಲಿದ್ದ ಕರಿಬಂಡೆಗಳ ಗುಂಪಿನಿಂದ. ಬಂಡೆಗೆ ನಾವು ಪಾದೆ ಎನ್ನುವವರು, ಆದ್ದರಿಂದ ಅದು ಪಚ್ಚಿಲೆ ಪಾದೆ. ಇಳಿತದಲ್ಲಿ ಅದರ ಬೆನ್ನು ಕಾಣುತ್ತದೆ, ಭರತದಲ್ಲಿ ಏನೂ ಕಾಣುವುದಿಲ್ಲ. ನಾನು ಹುಟ್ಟುವ ಮೊದಲು, ಅಜ್ಜಿಯ ಕಿರಿಮಗ ಶೀನ ಮಾವ ಮೊದಲ ಮಳೆಯ ಮಬ್ಬಿನಲ್ಲಿ ದೋಣಿ ತಿರುಗಿಸಿಕೊಂಡು ಬರುವಾಗ ಅದೇ ಪಾದೆಗೆ ಹೊಡೆದರು. ಹುಟ್ಟು ಸಿಕ್ಕಿತು, ಅವರು ಸಿಗಲಿಲ್ಲ. ಆ ವಾರವೇ ಅಜ್ಜಿ ಅಡುಗೆಕೋಣೆಯ ಕಿಟಕಿಗೆ ಹಲಗೆ ಬಡಿಸಿದ್ದಂತೆ. ಅಲ್ಲಿಂದ ಮುಂದೆ ಮನೆಗೆ ಯಾರೇ ದೊಡ್ಡ ಮನುಷ್ಯರು ಬರಲಿ, ಓಟು ಕೇಳಲು ಬಂದವರಾಗಲಿ, ಅಜ್ಜಿಯದು ಒಂದೇ ಬೇಡಿಕೆ. ಪಾದೆಗೆ ಒಂದು ದೀಪ ಹಾಕಿಸಿಕೊಡಿ. ಎಲ್ಲರೂ ಆಯಿತೆಂದು ತಲೆಯಾಡಿಸಿ ಬೊಂಡದ ನೀರು ಕುಡಿದು ಹೋಗುತ್ತಿದ್ದರು.

ಇನ್ನು ಮಾವನ ಮಲಯಾಳದ ವಿಷಯ. ನಮ್ಮ ಮನೆಮಾತು ತುಳು, ಕಲಿತದ್ದು ಕನ್ನಡ. ಊರು ಕೇರಳಕ್ಕೆ ಸೇರಿದ್ದರಿಂದ ಸರ್ಕಾರ ಮಾತ್ರ ಮಲಯಾಳದಲ್ಲಿ ಮಾತಾಡುತ್ತಿತ್ತು. ನಮ್ಮ ಕಡಲಕರೆಯಲ್ಲಿ ಮಲಯಾಳ ಬಲ್ಲವರೆಂದರೆ ಮೀನು ವ್ಯಾಪಾರದ ಮೊಯ್ದಿನಬ್ಬ ಬ್ಯಾರಿ ಮತ್ತು ನಮ್ಮ ಮಾವ. ಮೊಯ್ದಿನಬ್ಬರಿಗೆ ಅದು ಮನೆಯ ಪಕ್ಕದ ಭಾಷೆ, ಓದಲೂ ಬರುತ್ತಿತ್ತು. ಆದರೆ ಅವರು ಬೆಳಿಗ್ಗೆ ಸೈಕಲ್ಲಿಗೆ ಬುಟ್ಟಿ ಕಟ್ಟಿ ಪೆರ್ಲದ ಕಡೆ ಹೊರಟರೆ ಬರುವುದು ಸಂಜೆಗೆ. ಮಾವನಾದರೋ ಹರೆಯದಲ್ಲಿ ತೆಂಕಣ ಬಂದರೊಂದರಲ್ಲಿ ಬೋಟಿಗೆ ಹೋಗಿದ್ದವರು. ಅಲ್ಲಿ ಹಗ್ಗ, ಬಲೆ, ಗಂಜಿ, ಬೈಗುಳ ಎಲ್ಲವನ್ನೂ ಮಲಯಾಳದಲ್ಲಿ ಕಲಿತು ಬಂದಿದ್ದರು. ಅಷ್ಟು ಸಾಕಾಗುತ್ತಿತ್ತು. ರೇಷನ್ ಕಾರ್ಡಿನ ಗೋಜಲಿಗೂ ಆಸ್ಪತ್ರೆಗೂ ಜನ ಮಾವನನ್ನೇ ಕರೆದುಕೊಂಡು ಹೋಗುವರು, ಮಾವ ಇಸ್ತ್ರಿ ಅಂಗಿ ತೊಟ್ಟು ಹೋಗುವರು. ಅವರಿಗೆ ಅದೊಂದು ಗತ್ತು. ನನಗೂ ಅದು ಗತ್ತೇ, ಸುಳ್ಳು ಯಾಕೆ ಹೇಳಲಿ.

ಆ ಸಲ ಸೆಖೆಯ ಕೊನೆಗೆ ತೆಂಕಿನಿಂದ ಒಬ್ಬರು ಆಫೀಸರು ಬಂದರು. ಎಳೆಯ ಪ್ರಾಯ, ಬಿಸಿಲಿಗೆ ಕೆಂಪಾದ ಮುಖ, ಕೈಯಲ್ಲಿ ಚಪ್ಪಲಿ. ಮರಳಿನಲ್ಲಿ ಎಲ್ಲರೂ ಸೇರಿದರು. ಗಾಳಿ ಜೋರಿತ್ತು. ಅವರು ಪಾದೆಯ ಕಡೆಗೆ ಕೈ ತೋರಿಸಿ, ಅಲ್ಲಿಂದ ಅಳಿವೆಯವರೆಗೆ ಗಾಳಿಯಲ್ಲೇ ಗೆರೆ ಎಳೆದು ತುಂಬ ಹೊತ್ತು ಮಾತಾಡಿದರು. ಮಾವ ಮುಂದೆ ನಿಂತು ಹೂಂಗುಟ್ಟುತ್ತಿದ್ದರು. ನಾನು ಮಾವನ ಪಕ್ಕದಲ್ಲೇ ಇದ್ದೆ. ಅವರು ಒಂದು ಮಾತನ್ನು ಮತ್ತೆ ಮತ್ತೆ ಹೇಳಿದ್ದರಿಂದ ಅದು ನನಗೆ ಬಾಯಿಪಾಠವಾಗಿಬಿಟ್ಟಿತು.

"ವಿಲಕ್ಕ್ ವನ್ನಾಲ್ ಕುಂಞಿಙಳ್ ರಕ್ಷಪ್ಪೆಡುಂ."

ಮಾವ ಜನರ ಕಡೆ ತಿರುಗಿದರು. ಅವರ ಮುಖ ನೋಡಬೇಕಿತ್ತು.

"ಪಾದೆಗೆ ದೀಪ ಬರ್ತದಂತೆ. ದೀಪ ಬಂದ್ರೆ ಮಕ್ಕಳು ಬದುಕ್ತಾರಂತೆ. ನಾವೆಲ್ಲ ಒಪ್ಪಬೇಕಂತೆ."

"ಒಪ್ಪದೆ ಎಂತ ಮಾರಾಯ? ದೀಪ ಬೇಡ ಅಂತ ಹೇಳುವವ ಯಾರಿದ್ದಾನೆ?" ಎಂದು ಹಿಂದಿನಿಂದ ಯಾರೋ ಹೇಳಿದರು.

"ಮತ್ತೆ ಕೊಲ್ಲಂ ಕೊಲ್ಲಂ ಅಂತ ಎಂತದೋ ಹೇಳಿದ್ರಲ್ಲ ದಾಮಣ್ಣ?"

"ಅದು ಅವರ ಊರು."

ಎಲ್ಲರ ಕೈಯೂ ಮೇಲೆ ಹೋಯಿತು. ಮಕ್ಕಳಾದ ನಾವೂ ಎತ್ತಿದೆವು. ಆಫೀಸರಿಗೆ ನಂಬಿಕೆಯೇ ಬರಲಿಲ್ಲ. ಬೇರೆ ಕರೆಗಳಲ್ಲಿ ಇದೇ ಮಾತಿಗೆ ಅವರನ್ನು ಹೊಡೆಯಲು ಹೋಗಿದ್ದರೆಂದು ನಮಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ಅವರು ಮಾವನ ಎರಡೂ ಕೈ ಹಿಡಿದುಕೊಂಡು ಅಲುಗಾಡಿಸಿದರು. ಮಾವ ಅವರನ್ನು ಊಟಕ್ಕೆ ಮನೆಗೆ ಕರೆದುಕೊಂಡು ಬಂದರು.

ಆ ದಿನ ಮನೆಯಲ್ಲಿ ಪಚ್ಚಿಲೆಯಿತ್ತು. ಮಳೆಗೆ ಮುಂಚಿನ ಕೊನೆಯ ಪಚ್ಚಿಲೆ. ಪಾದೆಗೆ ದೀಪ ತರುವ ಮನುಷ್ಯ ಎಂದು ಅಜ್ಜಿ ಅವರನ್ನು ಚಾವಡಿಯಲ್ಲಿ ಮಣೆ ಹಾಕಿ ಕೂರಿಸಿ, ತಾವೇ ಬಡಿಸಿದರು. ಆಫೀಸರು ಒಂದು ಚಿಪ್ಪಿಯನ್ನು ಕೈಯಲ್ಲಿ ಹಿಡಿದು ನೋಡಿ, ಏನೋ ನಾಚಿಕೆಯಿಂದ ನಕ್ಕು, ಹೇಳಿದರು.

"ಇನಿ ಇದ್ ಕಿಟ್ಟೂಲಾ."

ಮಾವ ಕೈ ತೊಳೆಯಲು ಹೋಗಿದ್ದರು. ಅಜ್ಜಿಗೆ ದುಭಾಷಿಯ ಅಗತ್ಯ ಬೀಳಲಿಲ್ಲ. ತುಳುವಿನಲ್ಲಿ ಇನಿ ಎಂದರೆ ಇವತ್ತು.

"ಇವತ್ತು ಎಂತದೂ ಸಿಗ್ಲಿಲ್ವಂತೆ ಪಾಪ. ಹಸಿದು ಬಂದಿದ್ದಾನೆ," ಎಂದು ಅವರು ಅಮ್ಮನಿಗೆ ಕೂಗಿ, ಇನ್ನೊಂದು ಸೌಟು ಬಡಿಸಿದರು. ಹೊರಡುವಾಗ ಬಾಳೆಲೆಯಲ್ಲಿ ಕಟ್ಟಿಯೂ ಕೊಟ್ಟರು. ಅವರು ಹೇಳಿದ್ದು ಇನ್ನು ಮುಂದೆ ಇದು ಸಿಗುವುದಿಲ್ಲ ಎಂದು. ಆ ಮನುಷ್ಯ ಪೊಟ್ಟಣ ಹಿಡಿದುಕೊಂಡು ನಮ್ಮ ಅಜ್ಜಿಗೆ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದರು. ತನ್ನ ಬಾಯಿಂದ ಕಸಿದುಕೊಳ್ಳಲು ಬಂದವನಿಗೇ ಈ ಮುದುಕಿ ಕಟ್ಟಿ ಕೊಡುತ್ತಾಳಲ್ಲ ಎಂದು ಅವರು ಅಂದುಕೊಂಡಿರಬೇಕು.

ಮಳೆಗಾಲ ಪೂರ್ತಿ ನಮ್ಮ ಮನೆಯಲ್ಲಿ ದೀಪದ್ದೇ ಮಾತು. ದೀಪ ಕರೆಂಟಿನದೋ ಎಣ್ಣೆಯದೋ, ಅಲೆಗೆ ಕಂಬ ನಿಲ್ಲುತ್ತದೋ ಇಲ್ಲವೋ, ಮೊದಲ ದಿನ ಯಾರು ಹಚ್ಚಬೇಕು? ಅಜ್ಜಿಯೇ ಹಚ್ಚಬೇಕೆಂದು ಊರವರೂ ಒಪ್ಪಿದರು. ಒಂದು ಬೆಳಿಗ್ಗೆ ಏಳುವಾಗ ಅಡುಗೆಕೋಣೆಯಲ್ಲಿ ಬೆಳಕು ತುಂಬಿತ್ತು, ಅಜ್ಜಿ ಕತ್ತಿಯಿಂದ ಮೀಟಿ ಕಿಟಕಿಯ ಹಲಗೆ ಕಿತ್ತುಬಿಟ್ಟಿದ್ದರು. ಅಡುಗೆ ಮಾಡುತ್ತಲೇ ದೀಪ ಕಾಣಬೇಕಲ್ಲ. ಹೊಗೆ ಹೊರಗೆ ಹೋಯಿತು, ಕಡಲು ಒಳಗೆ ಬಂತು. ಗೋಡೆಯ ಮಸಿ ಮೊದಲ ಬಾರಿಗೆ ಕಣ್ಣಿಗೆ ಬಿದ್ದು ಅಮ್ಮನಿಗೆ ನಾಚಿಕೆಯಾಯಿತು. ಆ ಕೆಲವು ತಿಂಗಳು ನಮ್ಮ ಮನೆ ಎಷ್ಟು ಖುಷಿಯಲ್ಲಿತ್ತೆಂದರೆ, ಆ ಖುಷಿಗೆ ಬುಡವೇ ಇರಲಿಲ್ಲವೆಂದು ಈಗ ನೆನೆದರೆ ನನಗೆ ಅಳು ಬರುತ್ತದೆ.

ಮಳೆ ಬಿಟ್ಟ ಮೇಲೆ ಆಫೀಸರ ಜೀಪು ಬಂತು. ಅಜ್ಜಿ ಮಿಂದು, ತೆಂಗಿನಕಾಯಿ, ಕುಂಕುಮ, ಎಣ್ಣೆಕುಡಿಕೆ ಹಿಡಿದು ಮರಳಿಗೆ ಇಳಿದಿದ್ದರು. ಜೀಪಿನಿಂದ ಇಳಿದದ್ದು ಕೆಂಪು ಬಾವುಟ ಕಟ್ಟಿದ ಕಂಬಗಳು, ಹಗ್ಗ, ತೇಲುವ ಬುರುಡೆಗಳು, ಮತ್ತು ಮಲಯಾಳದಲ್ಲಿ ಬರೆದ ಒಂದು ಬೋರ್ಡು. ದೀಪ ಎಲ್ಲಿ ಎಂದು ಎಲ್ಲರೂ ಜೀಪಿನೊಳಗೆ ಬಗ್ಗಿ ನೋಡಿದರು. ಮಾವ ಬೋರ್ಡಿನ ಮುಂದೆ ನಿಂತರು, ಅವರಿಗೆ ಓದಲು ಬರುತ್ತಿರಲಿಲ್ಲ. ಆ ದಿನ ಮೊಯ್ದಿನಬ್ಬರು ಊರಲ್ಲೇ ಇದ್ದರು. ಅವರು ಬೋರ್ಡನ್ನು ಒಮ್ಮೆ ಮನಸ್ಸಿನಲ್ಲೇ ಓದಿ, ಮಾವನನ್ನು ನೋಡಿ, ಮತ್ತೊಮ್ಮೆ ಓದಿದರು.

"ದಾಮಣ್ಣ, ನೀವು ಊರವರಿಗೆ ಎಂತ ಅಂತ ಹೇಳಿದ್ದು?"

"ವಿಳಕ್ಕ್. ದೀಪ. ಆಫೀಸರೇ ಹೇಳಿದ್ದಲ್ವಾ?"

"ಅದು ವಿಳಕ್ಕ್ ಅಲ್ಲ, ವಿಲಕ್ಕ್. ವಿಳಕ್ಕ್ ಅಂದ್ರೆ ದೀಪ. ವಿಲಕ್ಕ್ ಅಂದ್ರೆ ನಿಷೇಧ. ಪಾದೆಯಿಂದ ಅಳಿವೆವರೆಗೆ ಯಾರೂ ಬಲೆ ಹಾಕ್ಬಾರ್ದು, ಪಚ್ಚಿಲೆ ಕೀಳ್ಬಾರ್ದು. ಕುಂಞಿ ಅಂದದ್ದು ಮೀನಿನ ಮರಿಗಳನ್ನು. ಕೊಲ್ಲಂ ಅಂದ್ರೆ ವರ್ಷ. ಇಷ್ಟು ವರ್ಷ ಬಿಡಿ, ಆಮೇಲೆ ಕರೆಯಿಡೀ ಮೀನು ತುಂಬ್ತದೆ ಅಂತ ಅವರು ಹೇಳಿದ್ದು."

ನಮ್ಮ ಮನೆಯ ತುಳುವಿನಲ್ಲಿ ಳ ಎಂಬ ಅಕ್ಷರಕ್ಕೆ ಹೆಚ್ಚು ಕೆಲಸವಿಲ್ಲ, ಅದು ನಾಲಗೆಯ ಮೇಲೆ ಲ ಆಗಿಯೇ ಜಾರುತ್ತದೆ. ಕಿವಿಗೂ ಹಾಗೆಯೇ. ಬೋಟಿನಲ್ಲಿ ದೀಪ ಹಚ್ಚು, ದೀಪ ಆರಿಸು ಎನ್ನುವುದನ್ನು ಮಾವ ಸಾವಿರ ಸಲ ಕೇಳಿದ್ದರು. ಆಫೀಸಿನ ಆ ಇನ್ನೊಂದು ಮಾತನ್ನು ಬೋಟಿನಲ್ಲಿ ಯಾರು ಆಡುತ್ತಾರೆ? ಮೊದಲು ಒಬ್ಬ ನಕ್ಕ. ಆಮೇಲೆ ಮರಳಿಡೀ ನಕ್ಕಿತು. ನಗು ಮುಗಿದ ಮೇಲೆ ಸಿಟ್ಟು ಬಂತು. ನಮ್ಮ ಪಾದೆಯನ್ನು ಕೊಟ್ಟುಬಿಟ್ಟೆಯಲ್ಲ, ನಿನ್ನನ್ನು ನಂಬಿ ಕೈ ಎತ್ತಿದೆವಲ್ಲ, ಎಂದು ಒಬ್ಬೊಬ್ಬರೇ ಶುರು ಮಾಡಿದರು. ಆಫೀಸರು ಏನೂ ಅರ್ಥವಾಗದೆ ಎಲ್ಲರ ಮುಖ ನೋಡುತ್ತಿದ್ದರು. ಇಸ್ತ್ರಿ ಅಂಗಿಯ ಮಾವ ಮನೆಗೆ ಬಂದು ಬಲೆಯ ಕೋಣೆ ಹೊಕ್ಕು ಬಾಗಿಲು ಹಾಕಿಕೊಂಡರು.

ಅಷ್ಟಕ್ಕೇ ಮುಗಿದಿದ್ದರೆ ಬಾವುಟಗಳನ್ನು ಅಂದೇ ಕಿತ್ತು ಎಸೆಯುತ್ತಿದ್ದರು. ತಡೆದದ್ದು ಅಜ್ಜಿ. ಅವರು ತೆಂಗಿನಕಾಯಿ ಹಿಡಿದುಕೊಂಡೇ ಮೊಯ್ದಿನಬ್ಬರ ಹತ್ತಿರ ಎಲ್ಲವನ್ನೂ ಮತ್ತೊಮ್ಮೆ ಬಿಡಿಸಿ ಕೇಳಿದರು. ಪಾದೆಯ ಹತ್ತಿರ ದೋಣಿ ಹೋಗಬಾರದೋ? ಹೋಗಬಾರದು. ಮಬ್ಬಿನಲ್ಲಿಯೂ? ಯಾವಾಗಲೂ.

"ಹಾಗಾದ್ರೆ ಅದೇ ಆಯ್ತಲ್ಲ," ಎಂದರು ಅಜ್ಜಿ. "ನಾನು ದೀಪ ಕೇಳಿದ್ದೂ ಯಾರೂ ಹತ್ತಿರ ಹೋಗ್ಬಾರ್ದು ಅಂತ್ಲೇ ಅಲ್ವಾ. ಮನುಷ್ಯರ ಮಕ್ಕಳೂ ಬದುಕ್ಲಿ, ಮೀನಿನ ಮಕ್ಕಳೂ ಬದುಕ್ಲಿ. ಕೈ ಎತ್ತಿ ಆಗಿದೆ. ಬಾವುಟ ಮುಟ್ಟಿದವ ನನ್ನ ಮನೆಯ ಜಗಲಿ ಹತ್ತೋದು ಬೇಡ."

ಮಗ ಹೋದ ತಾಯಿಯ ಮಾತು. ಯಾರೂ ಎದುರಾಡಲಿಲ್ಲ. ಹೀಗೆ ನಮ್ಮ ಪಾದೆಗೆ ರಕ್ಷಣೆ ಸಿಕ್ಕಿತು, ಮತ್ತು ಅದರ ಬೆಂಕಿ ನಮ್ಮ ಮನೆಗೆ ಬಿತ್ತು. ಊರಿನಲ್ಲಿ ಮಾವನಿಗೆ ವಿಲಕ್ಕ್ ದಾಮು ಎಂದು ಹೆಸರಾಯಿತು. ಚಾದ ಅಂಗಡಿಗೆ ಹೋದರೆ, ಕರೆಂಟು ಹೋದ್ರೆ ದಾಮಣ್ಣನನ್ನು ಕರೀರಿ ಮಾರಾಯ್ರೆ, ದೀಪ ತರಿಸ್ತಾರೆ, ಎನ್ನುವರು. ಆಸ್ಪತ್ರೆಗೆ, ರೇಷನ್ನಿಗೆ ಅವರನ್ನು ಕರೆಯುವುದು ನಿಂತಿತು. ಇಸ್ತ್ರಿ ಅಂಗಿ ಹಗ್ಗದ ಮೇಲೆ ನೇತುಬಿದ್ದು ಹೊಗೆ ಹಿಡಿಯಿತು. ಮಾವನಿಗೆ ಸಿಟ್ಟು ಊರವರ ಮೇಲಲ್ಲ, ಅಜ್ಜಿಯ ಮೇಲೆ. ತನಗೆ ಅವಮಾನವಾದ ಜಾಗದಲ್ಲೇ ತಾಯಿ ಬಾವುಟ ನಿಲ್ಲಿಸಿದ್ದಾಳೆ ಎಂದು ಅವರಿಗೆ. ಒಲೆಯ ಮುಂದೆ ಇಬ್ಬರ ಜಗಳವೂ ದಿನಾ ಒಂದೇ.

"ನಾನು ಒಪ್ಪಿದ್ದು ದೀಪಕ್ಕೆ. ಇದಕ್ಕಲ್ಲ."

"ನಾನು ಒಪ್ಪಿದ್ದು ಇದಕ್ಕೆ. ಊಟ ಮಾಡು."

ಆಮೇಲೆ ದೀಪಾವಳಿ ಬಂತು. ಆ ಹಬ್ಬಕ್ಕೆ ನಮ್ಮಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸುವ ಕ್ರಮ. ಚಾವಡಿಯಲ್ಲಿ ಸಾಲಾಗಿ ಎಲೆ, ಅವರವರು ಬದುಕಿದ್ದಾಗ ಇಷ್ಟಪಟ್ಟದ್ದು ಅವರವರ ಎಲೆಗೆ. ಶೀನ ಮಾವನ ಎಲೆಗೆ ಪ್ರತಿವರ್ಷ ಪಚ್ಚಿಲೆ, ಪುಂಡಿ. ಆ ವರ್ಷ ಅಜ್ಜಿ ಬಂಗುಡೆ ಬಡಿಸಿದರು. ಎಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಬದುಕಿದ್ದ ಮಗನಿಗೆ ಹೇಳುವಂತೆಯೇ ಹೇಳಿದರು.

"ಈ ವರ್ಷ ಪಚ್ಚಿಲೆ ಇಲ್ಲ ಮಗಾ. ಬಿಟ್ಟಿದ್ದೇವೆ. ಬೆಳೀಲಿ."

ಮಾವ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಆ ದಿನ ಅವರು ಊಟ ಮಾಡಲಿಲ್ಲ.

ಪಾದೆಯಾದರೋ ನಮ್ಮ ಜಗಳಕ್ಕೆ ಕಾಯಲಿಲ್ಲ. ಸೆಖೆಗಾಲಕ್ಕಾಗುವಾಗಲೇ ವ್ಯತ್ಯಾಸ ಕಣ್ಣಿಗೆ ಕಾಣುತ್ತಿತ್ತು. ಕಿಟಕಿಯಿಂದ ನೋಡಿದರೆ ಬಾವುಟಗಳ ನಡುವೆ ಹಕ್ಕಿಗಳು ಬಿದ್ದು ಏಳುವುದು, ನೀರು ಒಂದೇ ಕಡೆ ಸಣ್ಣಗೆ ಕುದಿದಂತೆ ಕಾಣುವುದು. ಇಳಿತದಲ್ಲಿ ನಾವು ಮಕ್ಕಳು ಸೊಂಟದ ನೀರಿನವರೆಗೆ ಹೋಗಿ ನಿಂತರೆ ಮರಿಮೀನುಗಳು ಕಾಲಿಗೆ ಮುತ್ತುತ್ತಿದ್ದವು. ಬಾವುಟದಿಂದ ಆಚೆ ಬಲೆ ಬಿಟ್ಟವರಿಗೆ ಕಾಣೆಮೀನು, ಎಟ್ಟಿ ಎನ್ನುವ ಸಿಗಡಿ ಮೊದಲಿಗಿಂತ ಚೆನ್ನಾಗಿ ಸಿಗತೊಡಗಿದವು. ಚಾದ ಅಂಗಡಿಯಲ್ಲಿ ಬೈಯುತ್ತಿದ್ದವರು ಸುಮ್ಮನಾದರು. ಮುಂದಿನ ಮಳೆ ಬಿಟ್ಟಾಗ ಪಾದೆಯ ಬೆನ್ನು ಕಾಣುತ್ತಲೇ ಇರಲಿಲ್ಲ, ಅಷ್ಟು ಒತ್ತಾಗಿ ಪಚ್ಚಿಲೆ. ದೊಡ್ಡದರ ಮೇಲೆ ಸಣ್ಣದು, ಸಣ್ಣದರ ಮೇಲೆ ಉಗುರಿನಷ್ಟು ಮರಿ. ಅಜ್ಜಿ ಕಿಟಕಿಯಲ್ಲಿ ನಿಂತು ನನಗೆ ತೋರಿಸುವ ನೆಪದಲ್ಲಿ ಜೋರಾಗಿ, ಮಾವನಿಗೆ ಕೇಳುವಂತೆ, ನೋಡು ನೋಡು ಎನ್ನುತ್ತಿದ್ದರು. ಅದೊಂದು ಮಾತ್ರ ಅವರು ಮಾಡಬಾರದಿತ್ತೆಂದು ನನಗೆ ಅನಿಸುತ್ತದೆ. ಗೆದ್ದವರು ಸ್ವಲ್ಪ ಬಾಯಿ ಮುಚ್ಚಿ ಇರಬೇಕಿತ್ತು.

ಆ ವರ್ಷದ ದೀಪಾವಳಿಯ ಹಿಂದಿನ ದಿನ, ಹಾಡುಹಗಲಲ್ಲಿ, ಮಾವ ಹಾರೆ ಮತ್ತು ಬುಟ್ಟಿ ದೋಣಿಗೆ ಹಾಕಿದರು. ಅಂಗಡಿಯಲ್ಲಿ ಯಾರೋ ಏನೋ ಅಂದಿದ್ದರಂತೆ. ವಿಲಕ್ಕ್ ದಾಮುವಿಗೆ ಈಗ ಒಳ್ಳೆಯ ಬೆಳಕು, ತಾಯಿಯ ಸೆರಗಿನಡಿಯಲ್ಲಿ ಕೂತಿದ್ದಾನೆ, ಎಂದು. ಅಮ್ಮ ಓಡಿಹೋಗಿ ದೋಣಿಯ ಅಂಚು ಹಿಡಿದರು.

"ಅಣ್ಣಾ, ಬೇಡ. ಅಮ್ಮನಿಗೆ ಹೇಗಾಗ್ಬಹುದು?"

"ತಮ್ಮನ ಎಲೆಗೆ ನಾಲ್ಕು ಪಚ್ಚಿಲೆ ತರ್ತೇನೆ. ಸತ್ತವನಿಗೂ ವಿಲಕ್ಕಾ?"

ಅವರು ನಿಜಕ್ಕೂ ನಾಲ್ಕೇ ತರಲು ಹೋದರೋ ಏನೋ, ನನಗೆ ಈಗಲೂ ತಿಳಿಯದು. ಆದರೆ ಯಜಮಾನನ ದೋಣಿ ಬಾವುಟ ದಾಟಿದ್ದನ್ನು ಕರೆಯಿಡೀ ನೋಡಿತು. ದಾಮುವೇ ಹೋದ ಮೇಲೆ ನಮಗೇನು ಎಂದು ಒಂದರ ಹಿಂದೆ ಒಂದು ದೋಣಿ ಇಳಿದವು. ಎಲ್ಲಿತ್ತೋ ಆ ಆಸೆ. ಇನ್ನೊಬ್ಬ ಕೀಳುವ ಮೊದಲು ನಾನು ಕೀಳಬೇಕೆಂದು, ಹಾರೆಯಿಂದ ಬಂಡೆಯ ಸಿಪ್ಪೆ ಸುಲಿದಂತೆ ಹಾಳೆ ಹಾಳೆಯಾಗಿ ಎಬ್ಬಿಸಿದರು. ಮಧ್ಯಾಹ್ನದಷ್ಟಕ್ಕೆ ಬಾವುಟದ ಒಳಗೆ ಬೀಸುಬಲೆಗಳೂ ಬಿದ್ದವು. ಅಜ್ಜಿ ಅಡುಗೆಕೋಣೆಯ ಕಿಟಕಿಯಲ್ಲಿ ನಿಂತಿದ್ದರು. ನಾನು ಹೋಗಿ ಅವರ ಸೆರಗು ಹಿಡಿದೆ. ಕೂಗುತ್ತಾರೆ, ಶಪಿಸುತ್ತಾರೆ ಎಂದುಕೊಂಡಿದ್ದೆ. ಒಲೆಯ ಮೇಲೆ ಅನ್ನ ಹೊತ್ತಿ ವಾಸನೆ ಬಂದರೂ ಅವರಿಗೆ ಗೊತ್ತಾಗಲಿಲ್ಲ.

ಸಂಜೆ ಮಾವ ತುಂಬಿದ ಬುಟ್ಟಿಯನ್ನು ತಂದು ಅಡುಗೆಕೋಣೆಯ ಹೊಸ್ತಿಲಲ್ಲಿಟ್ಟರು. ಅಜ್ಜಿ ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಮರುದಿನ ಶೀನ ಮಾವನ ಎಲೆಗೆ ಅನ್ನ, ಉಪ್ಪು, ಒಂದು ತುಂಡು ಬೆಲ್ಲ, ಅಷ್ಟೇ ಬಿತ್ತು. ಮರಳಿನ ಮೇಲೆ ಮಾರಲು ಬಾರದ ಮರಿಪಚ್ಚಿಲೆಯ ರಾಶಿಗಳಿದ್ದವು, ಹಾರೆಗೆ ಸಿಕ್ಕಿ ದೊಡ್ಡದರ ಜೊತೆಗೆ ಕಿತ್ತುಬಂದವು. ಹಬ್ಬದ ಕೆಲಸ ಮುಗಿಸಿ ಅಜ್ಜಿ ಬುಟ್ಟಿ ಹಿಡಿದು ಅಲ್ಲಿಗೆ ಹೋದರು. ಬಾಚಿ ಬಾಚಿ ತುಂಬಿ, ಅಲೆಗೆ ಇಳಿದು ಸುರಿದು ಬಂದರು. ಅಮ್ಮನೂ ನಾನೂ ಕೈಜೋಡಿಸಿದೆವು. ಒಮ್ಮೆ ಬಿಟ್ಟುಹೋದದ್ದು ಮತ್ತೆ ಬಂಡೆಗೆ ಹಿಡಿಯಲು ಅಲೆ ಬಿಡುವುದಿಲ್ಲ. ನಾವು ಸುರಿದದ್ದನ್ನೆಲ್ಲ ಅದು ನಮ್ಮ ಕಾಲಬುಡಕ್ಕೇ ತಂದು ಹಾಕುತ್ತಿತ್ತು. ಅಜ್ಜಿ ಅದನ್ನೇ ಮತ್ತೆ ತುಂಬುತ್ತಿದ್ದರು. ಕತ್ತಲಾಗುವಾಗ ಅಮ್ಮ ಬುಟ್ಟಿ ಕಸಿದುಕೊಂಡು ಅವರನ್ನು ಮನೆಗೆ ಕರೆತಂದರು. ಆ ರಾಶಿಗಳು ಕೊಳೆತು ನಾರಿದ ವಾಸನೆಯಲ್ಲಿ ನಾವು ಬಹಳ ದಿನ ಗಂಜಿ ಕುಡಿದೆವು.

ಆಫೀಸರು ಆಮೇಲೆ ಒಮ್ಮೆ ಬಂದರು. ಮಾವ ಹಿತ್ತಿಲ ಕಡೆಯಿಂದ ಹೊರಟುಹೋದರು. ಅಜ್ಜಿ ಜಗಲಿಗೆ ಬಂದು ಕೈ ಮುಗಿದರು. ಅವರು ಜಗಲಿಯ ಕೆಳಗೇ ನಿಂತು ಮೆಲ್ಲನೆ ಏನೋ ಹೇಳಿದರು, ಸ್ವಲ್ಪ ಉದ್ದಕ್ಕೇ ಹೇಳಿದರು. ಅದರಲ್ಲಿ ಬೈಗುಳ ಇರಲಿಲ್ಲ, ಅಷ್ಟು ಮುಖದಲ್ಲೇ ತಿಳಿಯುತ್ತಿತ್ತು. ಅಜ್ಜಿ ಎಲ್ಲದಕ್ಕೂ ತಲೆಯಾಡಿಸಿದರು. ಅವರು ಹೋದ ಮೇಲೆ ನನ್ನನ್ನು ಕೇಳಿದರು.

"ಎಂತ ಹೇಳಿದ್ದು ಅವರು?"

ನನಗೂ ಗೊತ್ತಿರಲಿಲ್ಲ. ಅವರು ಏನು ಹೇಳಿದರೆಂದು ಗೊತ್ತಾಗದೆಯೇ ಅಜ್ಜಿ ಕೆಲವು ವರ್ಷಗಳ ಮೇಲೆ ತೀರಿಕೊಂಡರು. ನಾನು ಹಟ ಹಿಡಿದು ಮಲಯಾಳ ಕಲಿತದ್ದು ಆ ಪ್ರಶ್ನೆಯಿಂದ. ಮೊಯ್ದಿನಬ್ಬರ ಮನೆಗೆ ಹೋಗಿ ಅವರ ಮಗಳ ಪುಸ್ತಕದಿಂದ ಅಕ್ಷರ ತಿದ್ದಿದೆ. ನಾಲಗೆ ಮಡಚಿ ಳ ಹೇಳಿ ಹೇಳಿ ಅಮ್ಮನಿಗೆ ತಲೆನೋವು ತರಿಸಿದೆ. ಯಾರು ಏನೇ ಹೇಳಲಿ, ಅಂದರೆ ಎಂತ, ಸರಿಯಾಗಿ ಹೇಳಿ ಎಂದು ಕೇಳುವ ಚಾಳಿ ಅಂದೇ ಹತ್ತಿತು. ಅಂಗನವಾಡಿಯ ಕೆಲಸಕ್ಕೆ ಸೇರಿದ ಮೇಲೆ ಮೀಟಿಂಗುಗಳಲ್ಲಿ ನನ್ನ ಈ ಚಾಳಿಗೆ ಮೇಲಿನವರು ಬೇಸತ್ತದ್ದುಂಟು. ನನ್ನ ಗಂಡ, ನಿನ್ನ ಹತ್ತಿರ ಜಗಳ ಮಾಡಲಿಕ್ಕೂ ಡಿಕ್ಷನರಿ ಬೇಕು ಮಾರಾಯ್ತಿ, ಎನ್ನುತ್ತಾರೆ. ಬೇಕು. ಒಂದು ಅಕ್ಷರಕ್ಕೆ ನಮ್ಮ ಮನೆಯಲ್ಲಿ ತಾಯಿ ಮಗ ಎದುರೆದುರು ಕೂತು ಊಟ ಮಾಡುವುದು ನಿಂತಿತು.

ಪಾದೆ ಬೋಳಾಗಿಯೇ ಉಳಿಯಿತು. ಮೊದಲ ವರ್ಷಗಳಲ್ಲಿ ಅಷ್ಟಿಷ್ಟು ಚಿಗುರಿತು. ಚಿಗುರಿದ್ದನ್ನು ಹಾರೆ ಬಿಡಲಿಲ್ಲ, ಆಮೇಲೆ ಚಿಗುರುವುದೂ ನಿಂತಿತು. ಮರಿಮೀನುಗಳು ಕಾಲಿಗೆ ಮುತ್ತುತ್ತಿದ್ದವು ಎಂದರೆ ನನ್ನ ಮಕ್ಕಳು ನಾನು ಕಥೆ ಕಟ್ಟುತ್ತೇನೆಂದು ನಗುತ್ತಾರೆ. ನಮ್ಮ ಕರೆಯ ದೋಣಿಗಳು ಈಗ ದೂರ ದೂರ ಹೋಗಿ ಡೀಸೆಲ್ಲಿನ ಖರ್ಚೂ ಹುಟ್ಟದೆ ಬರುತ್ತವೆ. ಹೋದ ಮಳೆಗಾಲ ಮುಗಿದ ಮೇಲೆ ಶಾಲೆಯ ಹಾಲಿನಲ್ಲಿ ಒಂದು ಸಭೆ ಕರೆದರು. ಈ ಸಲ ಬಂದದ್ದು ಒಬ್ಬ ಹೆಣ್ಣುಮಗಳು, ನನ್ನ ಮಗಳ ಪ್ರಾಯದವಳು. ಪರದೆಯ ಮೇಲೆ ಚಿತ್ರ ತೋರಿಸಿ, ಪಾದೆಯಿಂದ ಅಳಿವೆಯವರೆಗೆ ಗೆರೆ ಎಳೆದು, ಇಲ್ಲಿ ಬಲೆ ಬೇಡ, ಪಚ್ಚಿಲೆ ಕೀಳುವುದು ಬೇಡ ಎಂದಳು. ಹಳಬರಿಗಾಗಿ ನಾನು ತುಳುವಿಗೆ ತಿರುಗಿಸಿದೆ. ಒಂದೊಂದು ಮಾತನ್ನೂ ಬಿಡಿಸಿ ಹೇಳಿದೆ. ಇದು ನಿಷೇಧ, ಇಷ್ಟು ವರ್ಷಕ್ಕೆ, ಒಪ್ಪದಿದ್ದರೆ ಈಗಲೇ ಹೇಳಿ ಎಂದೆ. ನಾನು ಜಗಳಕ್ಕೆ ಕಾದು ನಿಂತೆ. ಆ ಹುಡುಗಿಯೂ ಜಗಳಕ್ಕೆ ತಯಾರಾಗಿಯೇ ನಿಂತಿದ್ದಳು.

ಯಾರೂ ಏಳಲಿಲ್ಲ. ಎಲ್ಲರೂ ಕೈ ಎತ್ತಿದರು. ಮುಂದಿನ ಸಾಲಿನ ಹುಡುಗರು ಒಂದು ಕೈಯಲ್ಲಿ ಮೊಬೈಲು ನೋಡುತ್ತ ಇನ್ನೊಂದು ಕೈ ಎತ್ತಿದರು. ಚಾ ಉಂಟಾ ಎಂದು ಒಬ್ಬರು ಕೇಳಿದರು. ನಿಮ್ಮ ಊರವರು ತುಂಬ ಒಳ್ಳೆಯವರು ಎಂದು ಆ ಹುಡುಗಿ ನನ್ನ ಹತ್ತಿರ ಮಲಯಾಳದಲ್ಲಿ ಹೇಳಿದಳು. ಅದನ್ನು ನಾನು ಯಾರಿಗೂ ತಿರುಗಿಸಿ ಹೇಳಲಿಲ್ಲ.

ಮನೆಗೆ ಬರುವಾಗ ಮಾವ ಜಗಲಿಯ ಕುರ್ಚಿಯಲ್ಲಿ ಕಾಯುತ್ತಿದ್ದರು. ಅವರಿಗೆ ಈಗ ಕಣ್ಣು ಮಂಜು, ನಡೆಯುವುದು ಕಷ್ಟ. ನಮ್ಮ ಜೊತೆಯಲ್ಲೇ ಇದ್ದಾರೆ. ಪಾದೆಯ ಹೆಸರನ್ನು ಅವರು ಇಷ್ಟು ವರ್ಷ ಬಾಯಲ್ಲಿ ಎತ್ತಿದವರಲ್ಲ. ಆ ದಿನ ನಾನು ಚಪ್ಪಲಿ ಬಿಡುವ ಮೊದಲೇ ಕೇಳಿದರು.

"ಎಂತಾಯ್ತು?"

"ಪಾದೆಯ ಹತ್ತಿರ ಇನ್ನು ಯಾರೂ ಹೋಗ್ಬಾರ್ದು ಅಂತಾಯ್ತು ಮಾವ. ಎಲ್ಲರೂ ಒಪ್ಪಿದ್ರು."

"ಎಲ್ಲರೂ?"

"ಹೌದು, ಎಲ್ಲರೂ."

"ನೀನು ಸರಿಯಾಗಿ ಹೇಳಿದ್ದಾ ಅವರಿಗೆ? ಅರ್ಥ ಆಗಿದೆಯಾ?"

"ಬಿಡಿಸಿ ಬಿಡಿಸಿ ಹೇಳಿದ್ದೇನೆ."

"ಒಬ್ಬನೂ ಜಗಳಕ್ಕೆ ನಿಲ್ಲಲಿಲ್ವಾ?"

"ಇಲ್ಲ ಮಾವ."

ನಾನು ಒಳಗೆ ಹೋಗಿ ಸೀರೆ ಬದಲಿಸಿ, ಗಂಜಿ ಬಡಿಸಿಕೊಂಡು ಬರುವಾಗಲೂ ಮಾವ ಅದೇ ಕುರ್ಚಿಯಲ್ಲಿ, ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದರು. ಕೆನ್ನೆ ಒದ್ದೆಯಾಗಿತ್ತು.

"ಹಾಗಾದ್ರೆ ಅಲ್ಲಿ ಎಂತದೂ ಇಲ್ಲ ಮಗಾ," ಎಂದರು. "ಇದ್ದಿದ್ರೆ ಒಬ್ಬನಾದ್ರೂ ಬೇಡ ಅಂತಿದ್ದ."